ಸಾಂಬ್ರಾದಲ್ಲಿ ಇಪ್ಪತ್ತಾರು ಎಂಟಾದ ದಿನ

2021ರ ಅಕ್ಟೋಬರ್ 24, ಭಾನುವಾರ. ಹೈದರಾಬಾದಿನಿಂದ ಹೊರಟ ಸ್ಪೈಸ್‌ಜೆಟ್‌ನ ಕ್ಯೂ400 ವಿಮಾನ ಬೆಳಗಾವಿಯ ಸಾಂಬ್ರಾದಲ್ಲಿ ಇಳಿಯಿತು. ಯಾರಿಗೂ ಪೆಟ್ಟಾಗಲಿಲ್ಲ. ಪ್ರಯಾಣಿಕರು ಬ್ಯಾಗು ಎತ್ತಿಕೊಂಡು ತಮ್ಮ ತಮ್ಮ ಊರಿನ ದಾರಿ ಹಿಡಿದರು. ಆದರೆ ವಾಯು ಸಂಚಾರ ನಿಯಂತ್ರಣದವರು, ಅಂದರೆ ಎಟಿಸಿಯವರು, ಆ ವಿಮಾನಕ್ಕೆ ಇಳಿಯಲು ಹೇಳಿದ್ದು ರನ್‌ವೇ 26ರಲ್ಲಿ. ಅದು ಇಳಿದದ್ದು ರನ್‌ವೇ 08ರಲ್ಲಿ. ವಿಮಾನ ಸಂಸ್ಥೆ ಇದನ್ನು ಒಪ್ಪಿಕೊಂಡಿತು, ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯಕ್ಕೂ (ಡಿಜಿಸಿಎ) ವಿಮಾನ ಅಪಘಾತ ತನಿಖಾ ಬ್ಯೂರೊಗೂ ತಿಳಿಸಿತು, ತನಿಖೆ ಮುಗಿಯುವ ತನಕ ಇಬ್ಬರೂ ಪೈಲಟ್‌ಗಳನ್ನು ಹಾರಾಟದಿಂದ ದೂರ ಇಟ್ಟಿತು. ನಾಲ್ಕು ದಿನದ ಸುದ್ದಿಯಾಗಿ ಅದು ಮುಗಿದೂ ಹೋಯಿತು.

ಸಾಂಬ್ರಾದಲ್ಲಿ ವಿಮಾನ ಇಳಿಯುವ ಪಟ್ಟಿ ಇರುವುದು ಒಂದೇ, ಉದ್ದ 2,300 ಮೀಟರ್. ಹಾಗಾದರೆ ಎರಡು ರನ್‌ವೇ ಎಲ್ಲಿಂದ ಬಂದವು? ಪಟ್ಟಿ ಒಂದಾದರೂ ತುದಿ ಎರಡು. ಪೂರ್ವದ ತುದಿಯಿಂದ ಬಂದು ಪಶ್ಚಿಮಕ್ಕೆ ಮುಖ ಮಾಡಿ ಇಳಿದರೆ ದಿಕ್ಸೂಚಿ ಸುಮಾರು 260 ಡಿಗ್ರಿ ತೋರಿಸುತ್ತದೆ. ಕೊನೆಯ ಸೊನ್ನೆ ಬಿಟ್ಟರೆ ಅದೇ 26. ಪಶ್ಚಿಮದ ತುದಿಯಿಂದ ಬಂದರೆ 80 ಡಿಗ್ರಿ, ಅದು 08. ಜಗತ್ತಿನ ಯಾವ ನಿಲ್ದಾಣಕ್ಕೆ ಹೋದರೂ ಒಂದು ಪಟ್ಟಿಯ ಎರಡು ತುದಿಗಳ ಅಂಕಿಗಳ ನಡುವೆ 18ರ ಅಂತರವಿರುತ್ತದೆ. ಆ ಅಂಕಿಯನ್ನು ತುದಿಯಲ್ಲೇ ಬಿಳಿ ಬಣ್ಣದಲ್ಲಿ ಆಳೆತ್ತರಕ್ಕಿಂತ ದೊಡ್ಡದಾಗಿ ಬರೆದಿರುತ್ತಾರೆ. ಹೈದರಾಬಾದಿನ ದಿಕ್ಕಿನಿಂದ ಬರುವ ವಿಮಾನಕ್ಕೆ ಮೊದಲು ಸಿಗುವುದು ಪೂರ್ವದ ತುದಿ. 08ರಲ್ಲಿ ಇಳಿಯಬೇಕಾದರೆ ಬೆಳಗಾವಿ ನಗರದ ಕಡೆ ಹೋಗಿ, ತಿರುಗಿ ಬರಬೇಕು. ಹೀಗಿರುವಾಗ ಇಬ್ಬರು ಪೈಲಟ್‌ಗಳು, ಒಂದು ದಿಕ್ಸೂಚಿ, ನೆಲದ ಮೇಲಿನ ಬಿಳಿ ಅಂಕಿ, ಗೋಪುರದಲ್ಲಿ ಕೂತ ನಿಯಂತ್ರಕ, ಇಷ್ಟೆಲ್ಲದರ ನಡುವೆ 26 ಎಂಬುದು 08 ಆಯಿತು.

‘ಇಳಿದ್ರಲ್ಲ, ಸಾಕು ಬಿಡ್ರಿ’ ಎನ್ನುವವರು ಇದ್ದಾರೆ. ವಿಮಾನ ಗಾಳಿಗೆ ಎದುರಾಗಿ ಇಳಿಯಬೇಕು. ಗಾಳಿ ಬೆನ್ನಿಗಿದ್ದರೆ ವೇಗ ಕರಗುವುದು ತಡವಾಗುತ್ತದೆ, ಪಟ್ಟಿ ಸಾಲದೆ ಹೋಗಬಹುದು. ಅದಕ್ಕಿಂತ ದೊಡ್ಡ ಮಾತು ಎಂದರೆ, ಗೋಪುರದಲ್ಲಿರುವವರು 26 ಎಂದು ಹೇಳಿದ ಮೇಲೆ ಉಳಿದೆಲ್ಲ ಲೆಕ್ಕವನ್ನೂ ಅದರ ಮೇಲೆ ಕಟ್ಟುತ್ತಾರೆ. ಇನ್ನೊಂದು ವಿಮಾನ ಎಲ್ಲಿ ಕಾಯಬೇಕು, ಯಾವ ಕಡೆಗೆ ಏರಬೇಕು, ಪಟ್ಟಿಯ ಮೇಲೆ ಜೀಪು ಯಾವಾಗ ಹೋಗಬಹುದು ಎಂಬುದೆಲ್ಲ ಆ ಎರಡು ಅಂಕಿಯ ಮೇಲೆ ನಿಂತಿರುತ್ತದೆ. 08ರಿಂದ ಇಳಿಯುವ ವಿಮಾನ ಈ ಲೆಕ್ಕಕ್ಕೆ ನೇರ ಎದುರಾಗಿ ಬರುತ್ತದೆ. ಅಂದು ಎದುರಿಗೆ ಯಾರೂ ಇಲ್ಲದ್ದು ಪುಣ್ಯ.

ಚಿಕ್ಕೋಡಿ, ರಾಯಬಾಗದವರಿಗೆ ಈಗ ವಿಮಾನ ಹೊಸದಲ್ಲ. ಎರಡನೆಯ ಮಹಾಯುದ್ಧದ ಕಾಲದಲ್ಲಿ, 1942ರಲ್ಲಿ, ಬ್ರಿಟಿಷ್ ವಾಯುಪಡೆಗಾಗಿ ಕಟ್ಟಿದ ಸಾಂಬ್ರಾ ನಿಲ್ದಾಣಕ್ಕೆ 2017ರ ಸೆಪ್ಟೆಂಬರ್‌ನಲ್ಲಿ ಹೊಸ ಟರ್ಮಿನಲ್ ಬಂತು. ಅಗ್ಗದ ಪ್ರಾದೇಶಿಕ ವಿಮಾನಗಳ ಉಡಾನ್ ಯೋಜನೆ ಸೇರಿದ ಮೇಲೆ ಇಲ್ಲಿಂದ ಹಾರಿ ಹೋಗಬಹುದಾದ ಊರುಗಳ ಪಟ್ಟಿ ಬೆಳೆಯಿತು. ನಿಪ್ಪಾಣಿಯವರಿಗೆ ಸಾಂಬ್ರಾಕ್ಕಿಂತ ಕೊಲ್ಹಾಪುರದ ಉಜಳಾಯಿವಾಡಿಯೇ ಹತ್ತಿರ. ಕಾಗವಾಡದವರು ಮಿರಜಿಗೆ ಹೋಗಿ ರೈಲು ಹತ್ತುವುದೋ, ಕೊಲ್ಹಾಪುರಕ್ಕೆ ಹೋಗಿ ವಿಮಾನ ಹತ್ತುವುದೋ ಎಂದು ಟಿಕೆಟ್ ದರ ನೋಡಿ ತೀರ್ಮಾನ ಮಾಡುತ್ತಾರೆ. ಸ್ಟಾರ್ ಏರ್ ಎಂಬ ವಿಮಾನ ಸಂಸ್ಥೆ ಕೂಡ ಗಡಿಯಾಚೆಯ ಘೋಡಾವತ್ ಸಮೂಹದ್ದೇ. ಗಡಿ ವಾದ ಕೆಳಗೆ ಏನೇ ಇರಲಿ, ಅಗ್ಗದ ಟಿಕೆಟ್ ಎದುರಿಗೆ ಅದು ಯಾರಿಗೂ ನೆನಪಾಗುವುದಿಲ್ಲ.

ವಿಮಾನ ಹತ್ತದವರ ತಲೆಯ ಮೇಲೂ ವಿಮಾನ ಹಾರುತ್ತದೆ. ನಕ್ಷೆ ತೆಗೆದು ಮುಂಬೈ ನಿಲ್ದಾಣದಿಂದ ಬೆಂಗಳೂರಿನ ದೇವನಹಳ್ಳಿಗೆ ಒಂದು ನೇರ ಗೆರೆ ಎಳೆಯಿರಿ. ಅದು ಅಥಣಿ ಮತ್ತು ರಾಯಬಾಗದ ನಡುವೆ, ಹೆಚ್ಚುಕಡಿಮೆ ಕುಡಚಿಯ ಹತ್ತಿರ, ಕೃಷ್ಣೆಯನ್ನು ದಾಟುತ್ತದೆ. ವಿಮಾನಗಳು ಹೋಗುವ ದಾರಿ ಗೆರೆ ಎಳೆದಷ್ಟು ನೇರವಲ್ಲ ನಿಜ, ಆದರೆ ಚಳಿಗಾಲದ ಮುಂಜಾನೆ ಕಬ್ಬಿನ ಗದ್ದೆಯಲ್ಲಿ ನಿಂತು ತಲೆ ಎತ್ತಿದವರಿಗೆ ಆ ಬಿಳಿ ಗೀಟುಗಳು ಹೊಸತಲ್ಲ. ಅಲ್ಲಿ ಮೇಲೆ ಎರಡು ವಿಮಾನಗಳ ನಡುವೆ ಎತ್ತರದಲ್ಲಿ ಇರಬೇಕಾದ ಅಂತರ ಒಂದು ಸಾವಿರ ಅಡಿ. ಆ ಸಾವಿರ ಅಡಿಯನ್ನು ಕಾಯುವುದು ಮಾತು. ರೇಡಾರ್ ನೋಡುತ್ತದೆ, ಗಣಕ ಎಚ್ಚರಿಸುತ್ತದೆ, ಆದರೆ ‘ಇಷ್ಟು ಎತ್ತರಕ್ಕೆ ಏರು, ಅಲ್ಲಿ ನಿಲ್ಲು’ ಎಂಬುದನ್ನು ಇಂದಿಗೂ ಬಹುಮಟ್ಟಿಗೆ ಒಬ್ಬ ಮನುಷ್ಯ ಇನ್ನೊಬ್ಬನಿಗೆ ಬಾಯಿಂದ ಹೇಳುತ್ತಾನೆ.

ಆ ಮಾತು ಹೋಗುವ ರೇಡಿಯೊ ಹಳೆಯ ಕಾಲದ ಯಂತ್ರವೇ. ಒಂದು ಕಂಪನಾಂಕದಲ್ಲಿ ಹತ್ತಿಪ್ಪತ್ತು ವಿಮಾನಗಳು ಇರುತ್ತವೆ. ಗುಂಡಿ ಒತ್ತಿ ಒಬ್ಬ ಮಾತಾಡುವಾಗ ಉಳಿದವರು ಸುಮ್ಮನಿರಬೇಕು. ಇಬ್ಬರು ಒಟ್ಟಿಗೆ ಒತ್ತಿದರೆ ಕೇಳುವವನಿಗೆ ಇಬ್ಬರ ಮಾತೂ ಸಿಗುವುದಿಲ್ಲ, ಕಿರ್ರೆಂಬ ಸದ್ದು ಬರುತ್ತದೆ. ಕಾಕ್‌ಪಿಟ್‌ನಲ್ಲಿ ಇಬ್ಬರಲ್ಲಿ ಒಬ್ಬ ವಿಮಾನ ಹಾರಿಸುತ್ತಿರುತ್ತಾನೆ, ಇನ್ನೊಬ್ಬ ರೇಡಿಯೊ ನೋಡಿಕೊಳ್ಳುತ್ತಾ ಮೊದಲಿನವನ ಕೆಲಸವನ್ನು ಗಮನಿಸುತ್ತಿರುತ್ತಾನೆ. ನಿಯಂತ್ರಕ ಹೇಳಿದ್ದು ರೇಡಿಯೊ ನೋಡುವವನ ಕಿವಿಗೆ ಬಿದ್ದು, ಅವನ ಬಾಯಿಂದ ಗೋಪುರಕ್ಕೆ ಮರಳಿ, ಪಕ್ಕದವನ ಕೈಗೆ ಇಳಿದು, ಆಮೇಲೆ ಯಂತ್ರದೊಳಗೆ ಅಂಕಿಯಾಗಿ ಕೂರಬೇಕು. ಇಷ್ಟು ಕಡೆ ಇಳಿದು ಹತ್ತುವ ಅಂಕಿ ಒಂದೊಂದು ಸಲ ದಾರಿ ತಪ್ಪುವುದು ಆಶ್ಚರ್ಯವಲ್ಲ. ಸಾವಿರಾರು ಸಲ ತಪ್ಪದೆ ತಲುಪುತ್ತದಲ್ಲ, ಆಶ್ಚರ್ಯ ಅದು.

ತಪ್ಪದಿರಲು ಇರುವ ಮುಖ್ಯ ಉಪಾಯ ಬಲು ಸರಳ: ಕೇಳಿದ್ದನ್ನು ತಿರುಗಿ ಹೇಳುವುದು. ಇದನ್ನು ರೀಡ್‌ಬ್ಯಾಕ್ ಎನ್ನುತ್ತಾರೆ. ರನ್‌ವೇ ಯಾವುದು, ಎತ್ತರ ಎಷ್ಟು, ದಿಕ್ಕು ಯಾವ ಕಡೆ, ವೇಗ ಎಷ್ಟು, ಇವನ್ನೆಲ್ಲ ಪೈಲಟ್ ತನ್ನ ವಿಮಾನದ ಹೆಸರಿನೊಂದಿಗೆ ತಿರುಗಿ ಹೇಳಲೇಬೇಕು. ಹೇಳಿದ್ದು ಸರಿಯೋ ಎಂದು ನಿಯಂತ್ರಕ ಕಿವಿಗೊಟ್ಟು ಕೇಳಲೇಬೇಕು. ‘ರೋಜರ್’ ಎಂದರೆ ಸಾಲದು; ಅದಕ್ಕೆ ನೀನು ಹೇಳಿದ್ದು ನನಗೆ ಕೇಳಿಸಿತು ಎಂಬಷ್ಟೇ ಅರ್ಥ. ಫೋನಿನಲ್ಲಿ ಲೆಕ್ಕ ಹೇಳುವಾಗ ‘ಇಪ್ಪತ್ತ ಅಂದ್ರಿ, ಎಪ್ಪತ್ತ ಅಂದ್ರಿ?’ ಎಂದು ಕೇಳಿ, ಆ ಕಡೆಯವರು ‘ಎರಡು ಸೊನ್ನೆ ರೀ’ ಎಂದು ಬಿಡಿಸಿ ಹೇಳಿದ ಮೇಲೆ ಬರೆದುಕೊಳ್ಳುವ ನಮ್ಮ ಕಡೆಯ ಅಂಗಡಿಕಾರರಿಗೆ ಇದರ ತತ್ವವನ್ನು ಯಾರೂ ಹೇಳಿಕೊಡಬೇಕಿಲ್ಲ. ವಿಮಾನದವರೂ ಅಂಕಿಗಳನ್ನು ಬಿಡಿಬಿಡಿಯಾಗಿ ಹೇಳುತ್ತಾರೆ. ಫೈವ್ ಮತ್ತು ನೈನ್ ಗದ್ದಲದಲ್ಲಿ ಒಂದೇ ಥರ ಕೇಳುತ್ತವೆ ಎಂದು ಒಂದನ್ನು ‘ಫೈಫ್’, ಇನ್ನೊಂದನ್ನು ‘ನೈನರ್’ ಮಾಡಿದ್ದಾರೆ. ತ್ರೀ ‘ಟ್ರೀ’ ಆಗಿದೆ. ಇಂಗ್ಲಿಷ್ ಮೇಷ್ಟ್ರು ಕೇಳಿದರೆ ಕಿವಿ ಹಿಂಡಿಯಾರು.

ಮಿರಜ–ಲೋಂಡಾ ಮಾರ್ಗದಲ್ಲಿ ಉಗಾರ, ಕುಡಚಿ, ರಾಯಬಾಗ, ಚಿಕ್ಕೋಡಿ ರೋಡ್ ನಿಲ್ದಾಣಗಳನ್ನು ಬಲ್ಲವರಿಗೆ ರೈಲ್ವೆಯ ‘ಪ್ರೈವೇಟ್ ನಂಬರ್’ ಗೊತ್ತಿರಬಹುದು. ಸ್ಟೇಷನ್ ಮಾಸ್ಟರ್ ಗೇಟು ಹಾಕಲು ಹೇಳಿದಾಗ ಗೇಟ್‌ಮನ್ ‘ಹಾಕಿದೆ’ ಎಂದರೆ ಮುಗಿಯುವುದಿಲ್ಲ, ತನ್ನ ಹಾಳೆಯಲ್ಲಿರುವ ಗುಟ್ಟಿನ ಸಂಖ್ಯೆಯೊಂದನ್ನು ಹೇಳಬೇಕು, ಆ ಕಡೆ ಅದನ್ನು ಪುಸ್ತಕದಲ್ಲಿ ಬರೆದುಕೊಳ್ಳಬೇಕು. ಬರಿ ಬಾಯಿಮಾತನ್ನು ನಂಬಿ ಜೀವ ಕೊಡಲಾಗದು ಎಂಬುದನ್ನು ರೈಲಿನವರು ವಿಮಾನ ಹುಟ್ಟುವ ಮೊದಲೇ ಕಲಿತಿದ್ದರು.

ತಿರುಗಿ ಹೇಳಿದರೂ ತಪ್ಪುವುದುಂಟು. 1989ರ ಫೆಬ್ರುವರಿ 19ರಂದು ಸಿಂಗಪುರದಿಂದ ಕ್ವಾಲಾಲಂಪುರಕ್ಕೆ ಬರುತ್ತಿದ್ದ ಫ್ಲೈಯಿಂಗ್ ಟೈಗರ್ ಸರಕು ವಿಮಾನಕ್ಕೆ ನಿಯಂತ್ರಕ 2,400 ಅಡಿಗೆ ಇಳಿಯಲು ಹೇಳಿದ. ‘ಟೂ ಫೋರ್ ಝೀರೊ ಝೀರೊ’ ಎಂದದ್ದನ್ನು ಪೈಲಟ್‌ಗಳು ‘400 ಅಡಿಗೆ’ ಎಂದು ಕೇಳಿಸಿಕೊಂಡರು. ಟೂ ಎಂಬುದು ಅಂಕಿಯೂ ಹೌದು, ಗೆ ಎಂಬ ವಿಭಕ್ತಿಯ ಜಾಗದ ಪದವೂ ಹೌದು. ‘ಓಕೆ, ಫೋರ್ ಝೀರೊ ಝೀರೊ’ ಎಂದು ಅವರು ತಿರುಗಿ ಹೇಳಿಯೂ ಹೇಳಿದರು. ನಿಯಂತ್ರಕನ ಕಿವಿಗೆ ತನ್ನ 2,400ಯೇ ಕೇಳಿಸಿತೇನೋ, ತಿದ್ದಲಿಲ್ಲ. ವಿಮಾನ ಗುಡ್ಡಕ್ಕೆ ಬಡಿದು ನಾಲ್ವರೂ ಸತ್ತರು. ರೀಡ್‌ಬ್ಯಾಕ್ ಎಂಬುದು ಮಂತ್ರವಲ್ಲ. ಹೇಳುವವನು ಎಚ್ಚರವಾಗಿದ್ದು ಕೇಳುವವನು ಮೈಮರೆತರೆ ಅದು ಪಾಠ ಒಪ್ಪಿಸಿದಂತೆ ಆಗುತ್ತದೆ, ಅಷ್ಟೆ. ನೆಲ ಹತ್ತಿರವಾಗಿದೆ ಎಂದು ಆ ವಿಮಾನದೊಳಗಿನ ಯಂತ್ರ ಕೂಗಿತ್ತು. ಅದನ್ನೂ ಕೇಳಲಿಲ್ಲ.

ಇಂಥ ಕತೆಗಳಲ್ಲಿ ಭಾರತದ ಪಾಲಿಗೆ ಬಂದದ್ದು ಎಲ್ಲಕ್ಕಿಂತ ಘೋರವಾದದ್ದರಲ್ಲಿ ಒಂದು. 1996ರ ನವೆಂಬರ್ 12ರ ಸಂಜೆ ದೆಹಲಿಯಿಂದ ಹೊರಟ ಸೌದಿಯಾ ಸಂಸ್ಥೆಯ ಬೋಯಿಂಗ್ 747ಕ್ಕೆ 14,000 ಅಡಿಗೆ ಏರಿ ನಿಲ್ಲುವ ಅನುಮತಿ ಇತ್ತು. ಎದುರಿನಿಂದ ದೆಹಲಿಗೆ ಬರುತ್ತಿದ್ದ ಕಝಾಕಿಸ್ತಾನ ಏರ್‌ಲೈನ್ಸ್‌ನ ಇಲ್ಯುಶಿನ್ ವಿಮಾನಕ್ಕೆ 15,000 ಅಡಿಗೆ ಇಳಿದು ನಿಲ್ಲಲು ಹೇಳಲಾಗಿತ್ತು. ಒಂದು ಸಾವಿರ ಅಡಿಯ ಅಂತರ. ಎದುರಿಗೆ ಸೌದಿಯಾ ಬರುತ್ತಿದೆ, ಕಂಡರೆ ಹೇಳಿ ಎಂದೂ ನಿಯಂತ್ರಕ ಎಚ್ಚರಿಸಿದ್ದರು. ಕಝಾಕ್ ವಿಮಾನ 15,000ದಲ್ಲಿ ನಿಲ್ಲಲಿಲ್ಲ, ಇಳಿಯುತ್ತಲೇ ಹೋಯಿತು. ಹರಿಯಾಣದ ಚರಖಿ ದಾದ್ರಿಯ ಮೇಲೆ ಎರಡೂ ಡಿಕ್ಕಿ ಹೊಡೆದು ಎರಡರಲ್ಲೂ ಇದ್ದ 349 ಮಂದಿ ಸತ್ತರು, ಒಬ್ಬರೂ ಉಳಿಯಲಿಲ್ಲ.

ಆ ಕಝಾಕ್ ಕಾಕ್‌ಪಿಟ್‌ನ ಒಳಗನ್ನು ಸ್ವಲ್ಪ ನೋಡಬೇಕು. ಅಲ್ಲಿ ದೆಹಲಿಯೊಂದಿಗೆ ಇಂಗ್ಲಿಷಿನಲ್ಲಿ ಮಾತಾಡುತ್ತಿದ್ದವನು ಪೈಲಟ್ ಅಲ್ಲ, ರೇಡಿಯೊ ಆಪರೇಟರ್. ಅವನಿಗೆ ಎತ್ತರ ತೋರಿಸುವ ಮೀಟರು ತನ್ನ ಮುಂದೆ ಇರಲಿಲ್ಲ, ಪೈಲಟ್‌ಗಳ ಹೆಗಲ ಮೇಲಿಂದ ಇಣುಕಬೇಕಿತ್ತು. ಇಂಗ್ಲಿಷಿನಲ್ಲಿ ಬಂದ ಮಾತು ಅವನಲ್ಲಿ ಇಳಿದು, ಅಲ್ಲಿಂದ ಹಾರಿಸುವವರಿಗೆ ದಾಟಬೇಕಿತ್ತು. ಎಷ್ಟು ಎತ್ತರದಲ್ಲಿದ್ದೇವೆ ಎಂದು ಒಬ್ಬರಿಗೊಬ್ಬರು ಕೂಗಿ ಹೇಳಿಕೊಳ್ಳುವ ಪದ್ಧತಿ ಅಲ್ಲಿ ನಡೆದಿರಲಿಲ್ಲ. ನ್ಯಾಯಮೂರ್ತಿ ಆರ್.ಸಿ. ಲಾಹೋಟಿ ಆಯೋಗ ದೋಷವನ್ನು ಕಝಾಕ್ ಸಿಬ್ಬಂದಿಯ ಮೇಲೆ ಹೊರಿಸಿತು: ಇಂಗ್ಲಿಷಿನ ಕೊರತೆ, ಮುಂದಾಳುತನದ ಕೊರತೆ, ಒಬ್ಬರೊಂದಿಗೊಬ್ಬರು ಕೂಡಿ ಕೆಲಸ ಮಾಡುವುದರ ಕೊರತೆ. ಆದರೆ ಇನ್ನೊಂದು ಮಾತು ಮರೆಯಬಾರದು. ಆಗ ದೆಹಲಿಗೆ ಬರುವವರಿಗೂ ಹೋಗುವವರಿಗೂ ಇದ್ದದ್ದು ಒಂದೇ ದಾರಿ, ಮತ್ತು ಅಲ್ಲಿನ ರೇಡಾರ್ ವಿಮಾನ ಎಲ್ಲಿದೆ ಎಂದು ತೋರಿಸುತ್ತಿತ್ತೇ ಹೊರತು ಎಷ್ಟು ಎತ್ತರದಲ್ಲಿದೆ ಎಂದು ತೋರಿಸುತ್ತಿರಲಿಲ್ಲ. ನಿಯಂತ್ರಕರು ಎತ್ತರವನ್ನು ಪೈಲಟ್ ಬಾಯಿಂದಲೇ ತಿಳಿಯಬೇಕಿತ್ತು. ಮಾತಿನ ಮೇಲೆ ಅಷ್ಟು ಭಾರ ಹೊರಿಸಿದ್ದು ಯಾರು ಎಂದೂ ಕೇಳಬೇಕಾಗುತ್ತದೆ.

ಅದಾದ ಮೇಲೆ ವಿಮಾನಗಳು ತಾವೇ ಒಂದನ್ನೊಂದು ಗುರುತಿಸಿ ‘ಏರು’ ‘ಇಳಿ’ ಎಂದು ಎಚ್ಚರಿಸುವ ಟಿಸಿಎಎಸ್ ಯಂತ್ರವನ್ನು ಭಾರತ ಕಡ್ಡಾಯ ಮಾಡಿತು. ಅದರ ಉಪಕಾರ ಬೆಂಗಳೂರಿನ ಆಕಾಶದಲ್ಲೇ ಕಂಡಿದೆ. 2018ರ ಜುಲೈ 10ರಂದು ಕೊಯಮತ್ತೂರಿನಿಂದ ಹೈದರಾಬಾದಿಗೆ ಹೋಗುತ್ತಿದ್ದ ಇಂಡಿಗೊ ವಿಮಾನ, ಬೆಂಗಳೂರಿನಿಂದ ಕೊಚ್ಚಿಗೆ ಹೋಗುತ್ತಿದ್ದ ಇಂಡಿಗೊ ವಿಮಾನ, ಎರಡೂ ಏರುತ್ತಿದ್ದವು. ಎಚ್ಚರಿಕೆ ಕೂಗಿದಾಗ ಒಂದು 27,300 ಅಡಿಯಲ್ಲಿ, ಇನ್ನೊಂದು 27,500 ಅಡಿಯಲ್ಲಿ ಇದ್ದವು. ಎತ್ತರದ ಅಂತರ 200 ಅಡಿ. ಎರಡರಲ್ಲೂ ಸೇರಿ 328 ಪ್ರಯಾಣಿಕರು. ಯಂತ್ರ ಹೇಳಿದಂತೆ ಮಾಡಿ ಎರಡೂ ದೂರ ಸರಿದವು. ಯಂತ್ರ ಒಂದು ಹೇಳಿ ಎಟಿಸಿ ಇನ್ನೊಂದು ಹೇಳಿದರೆ ಯಂತ್ರದ ಮಾತನ್ನೇ ಕೇಳಬೇಕು ಎಂಬುದು ಈಗ ಗಟ್ಟಿ ನಿಯಮ. ಅದು ಗಟ್ಟಿಯಾದದ್ದು 2002ರ ಜುಲೈ 1ರಂದು ಜರ್ಮನಿಯ ಉಬರ್‌ಲಿಂಗನ್ ಮೇಲೆ ಎರಡು ವಿಮಾನ ಡಿಕ್ಕಿಯಾಗಿ 71 ಮಂದಿ ಸತ್ತ ಮೇಲೆ. ಅಲ್ಲಿ ಒಂದು ವಿಮಾನಕ್ಕೆ ಯಂತ್ರ ಏರು ಎಂದಿತ್ತು, ನಿಯಂತ್ರಕ ಇಳಿ ಎಂದಿದ್ದ, ಅದರ ಪೈಲಟ್‌ಗಳು ಮನುಷ್ಯನ ಮಾತು ನಂಬಿದ್ದರು.

ಎಲ್ಲ ತಪ್ಪೂ ಕಾಕ್‌ಪಿಟ್‌ನದ್ದೇ ಎಂದುಕೊಳ್ಳುವವರು 2022ರ ಜನವರಿ 7ರ ಬೆಳಿಗ್ಗೆ ಬೆಂಗಳೂರಿನ ಕೆಂಪೇಗೌಡ ವಿಮಾನ ನಿಲ್ದಾಣದಲ್ಲಿ ನಡೆದದ್ದನ್ನು ನೋಡಬೇಕು. ಅಲ್ಲಿ ಉತ್ತರ, ದಕ್ಷಿಣ ಎಂದು ಎರಡು ಸಮಾನಾಂತರ ರನ್‌ವೇಗಳಿವೆ. ಆ ಹೊತ್ತಿಗೆ ಉತ್ತರದ್ದು ಹೊರಡುವವರಿಗೆ, ದಕ್ಷಿಣದ್ದು ಬರುವವರಿಗೆ. ಪಾಳಿಯ ಮುಖ್ಯಸ್ಥರು ದಕ್ಷಿಣದ್ದನ್ನು ನಿಲ್ಲಿಸಿ ಉತ್ತರ ಒಂದರಲ್ಲೇ ಎರಡೂ ಕೆಲಸ ನಡೆಸುವ ತೀರ್ಮಾನ ಮಾಡಿದರು. ಆ ತೀರ್ಮಾನ ದಕ್ಷಿಣ ಗೋಪುರದ ನಿಯಂತ್ರಕರಿಗೆ ತಲುಪಲಿಲ್ಲ. ಅವರು ಕೋಲ್ಕತ್ತಕ್ಕೆ ಹೊರಟ ಇಂಡಿಗೊ ವಿಮಾನಕ್ಕೆ ಹಾರಲು ಅನುಮತಿ ಕೊಟ್ಟರು. ಅದೇ ಸಮಯಕ್ಕೆ ಉತ್ತರ ಗೋಪುರದವರು ಭುವನೇಶ್ವರಕ್ಕೆ ಹೊರಟ ಇಂಡಿಗೊ ವಿಮಾನಕ್ಕೆ ಅನುಮತಿ ಕೊಟ್ಟರು. ಎರಡೂ ಒಟ್ಟಿಗೆ ಮೇಲೆದ್ದು ಒಂದರ ದಾರಿಗೆ ಇನ್ನೊಂದು ಓರೆಯಾಗಿ ಬರತೊಡಗಿದವು. ಒಳಗೆ ನಾನೂರಕ್ಕೂ ಹೆಚ್ಚು ಜನ. ರೇಡಾರ್ ಮುಂದೆ ಕೂತಿದ್ದ ನಿಯಂತ್ರಕರೊಬ್ಬರು ಕಂಡು, ಎರಡಕ್ಕೂ ಬೇರೆ ಬೇರೆ ದಿಕ್ಕು ಕೊಟ್ಟು ಉಳಿಸಿದರು.

ಇಲ್ಲಿ ನಾಲ್ವರು ಪೈಲಟ್‌ಗಳೂ ತಮಗೆ ಹೇಳಿದ್ದನ್ನು ಚಾಚೂ ತಪ್ಪದೆ ಮಾಡಿದ್ದರು. ರೀಡ್‌ಬ್ಯಾಕ್ ಇದ್ದರೂ ಉಪಯೋಗವಿರಲಿಲ್ಲ, ಯಾಕೆಂದರೆ ಹೇಳಿದ್ದೇ ತಪ್ಪು. ಮಾತು ತಪ್ಪಿದ್ದು ರೇಡಿಯೊದಲ್ಲಲ್ಲ, ಒಂದೇ ನಿಲ್ದಾಣದಲ್ಲಿ ಕೆಲಸ ಮಾಡುತ್ತಿದ್ದ ಸಹೋದ್ಯೋಗಿಗಳ ನಡುವೆ. ಇದಕ್ಕಿಂತ ನನ್ನನ್ನು ಕಾಡುವುದು ಆಮೇಲೆ ಆದದ್ದು. ಇಷ್ಟು ದೊಡ್ಡ ಘಟನೆ ಲಾಗ್ ಪುಸ್ತಕದಲ್ಲಿ ದಾಖಲಾಗಲಿಲ್ಲ, ತಕ್ಷಣ ಮೇಲಕ್ಕೆ ವರದಿಯಾಗಲೂ ಇಲ್ಲ, ಡಿಜಿಸಿಎ ಕಣ್ಣಿಗೆ ಬಿದ್ದು ವಿಚಾರಣೆಯಾಯಿತು. ಸಾಂಬ್ರಾದ ತಪ್ಪನ್ನು ವಿಮಾನ ಸಂಸ್ಥೆಯೇ ಮುಂದೆ ಬಂದು ಹೇಳಿತ್ತು ಎಂಬುದನ್ನು ಇದರ ಪಕ್ಕದಲ್ಲಿ ಇಟ್ಟು ನೋಡಿದರೆ ಅದಕ್ಕೆ ಸಲ್ಲಬೇಕಾದ ಗೌರವ ಸಲ್ಲಿಸಬೇಕು.

ತಪ್ಪು ಕೇಳಿಸಿಕೊಳ್ಳುವುದು ಒಂದು ಬಗೆ. ಸರಿಯಾಗಿ ಕೇಳಿಸಿದರೂ ದೊಡ್ಡವರಿಗೆ ಎದುರಾಡದೆ ಇರುವುದು ಇನ್ನೊಂದು ಬಗೆ, ಮತ್ತು ನನ್ನ ಮಟ್ಟಿಗೆ ಅದೇ ಹೆಚ್ಚು ಅಪಾಯದ್ದು. ಟೆನೆರೀಫ್ ದ್ವೀಪದಲ್ಲಿ 1977ರ ಮಾರ್ಚ್ 27ರಂದು ಎರಡು 747ಗಳು ಮಂಜು ಮುಸುಕಿದ ರನ್‌ವೇಯಲ್ಲೇ ಡಿಕ್ಕಿಯಾಗಿ 583 ಮಂದಿ ಸತ್ತರು. ವಿಮಾನಯಾನದಲ್ಲಿ ಅದಕ್ಕಿಂತ ಹೆಚ್ಚು ಜನ ಸತ್ತ ಅಪಘಾತ ಇಲ್ಲ. ಕೆಎಲ್‌ಎಂ ವಿಮಾನಕ್ಕೆ ಗೋಪುರ ಕೊಟ್ಟದ್ದು ಹಾರಿದ ಮೇಲೆ ಹೋಗಬೇಕಾದ ದಾರಿಯ ವಿವರ ಮಾತ್ರ, ಹಾರುವ ಅನುಮತಿ ಅಲ್ಲ. ಕ್ಯಾಪ್ಟನ್ ಅದನ್ನು ಅನುಮತಿ ಎಂದೇ ತಿಳಿದು ಎಂಜಿನ್ ಏರಿಸಿದರು. ‘ಈಗ ಟೇಕ್‌ಆಫ್‌ನಲ್ಲಿದ್ದೇವೆ’ ಎಂದು ಸಹ ಪೈಲಟ್ ರೇಡಿಯೊದಲ್ಲಿ ಹೇಳಿದರು. ಗೋಪುರದವರು ಮೊದಲು ‘ಓಕೆ’ ಎಂದರು, ಒಂದು ಗಳಿಗೆ ಬಿಟ್ಟು ‘ಕಾಯಿರಿ, ನಾನೇ ಕರೆಯುತ್ತೇನೆ’ ಎಂದರು. ಅದೇ ಕ್ಷಣಕ್ಕೆ ಇನ್ನೊಂದು ವಿಮಾನವಾದ ಪ್ಯಾನ್ ಆ್ಯಮ್‌ನವರು ‘ನಾವಿನ್ನೂ ರನ್‌ವೇ ಮೇಲಿದ್ದೇವೆ’ ಎಂದು ಗುಂಡಿ ಒತ್ತಿದರು. ಎರಡು ಮಾತೂ ಸೇರಿ ಕೆಎಲ್‌ಎಂ ಕಾಕ್‌ಪಿಟ್‌ನಲ್ಲಿ ಕೇಳಿದ್ದು ‘ಓಕೆ’ ಮತ್ತು ಕಿರ್ರೆಂಬ ಸದ್ದು.

ಆಮೇಲೂ ಒಂದು ಅವಕಾಶ ಇತ್ತು. ಹಿಂದೆ ಕೂತ ಫ್ಲೈಟ್ ಎಂಜಿನಿಯರ್, ಆ ಪ್ಯಾನ್ ಆ್ಯಮ್ ಇನ್ನೂ ರನ್‌ವೇ ಬಿಟ್ಟಿಲ್ಲವೇ ಎಂದು ಕೇಳಿದರು. ಬಿಟ್ಟಿದೆ ಎಂದು ಕ್ಯಾಪ್ಟನ್ ಒತ್ತಿ ಹೇಳಿದರು. ಆ ಕ್ಯಾಪ್ಟನ್ ಸಂಸ್ಥೆಯಲ್ಲಿ 747 ಪೈಲಟ್‌ಗಳಿಗೆ ತರಬೇತಿ ಕೊಡುವ ಹಿರಿಯರು, ಜಾಹೀರಾತುಗಳಲ್ಲಿ ಅವರದ್ದೇ ಮುಖ. ಮತ್ತೊಮ್ಮೆ ಕೇಳುವವರು ಯಾರು? ಆ ಅಪಘಾತದ ಮೇಲೆ, ನಿಜವಾಗಿ ಹಾರಲು ಬಿಡುವಾಗಲ್ಲದೆ ಟೇಕ್‌ಆಫ್ ಎಂಬ ಪದವನ್ನೇ ಬಳಸಬಾರದು ಎಂಬ ನಿಯಮ ಬಂತು. ಕಿರಿಯರು ಹಿರಿಯರನ್ನು ತಡೆದು ಕೇಳುವುದನ್ನು ಕಲಿಸುವ ತರಬೇತಿಯೂ ಎಂಬತ್ತರ ದಶಕದಲ್ಲಿ ಸಂಸ್ಥೆಗಳಲ್ಲಿ ಶುರುವಾಯಿತು.

ಆ ತರಬೇತಿ ಬಂದು ಎರಡು ದಶಕಕ್ಕೂ ಹೆಚ್ಚು ಕಾಲ ಕಳೆದ ಮೇಲೆ ಮಂಗಳೂರಿನ ಅಪಘಾತ ನಡೆಯಿತು. 2010ರ ಮೇ 22ರ ಬೆಳಗಿನ ಜಾವ ದುಬೈನಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ 812 ವಿಮಾನದಲ್ಲಿದ್ದ 166 ಮಂದಿಯಲ್ಲಿ 158 ಮಂದಿ ಬಜಪೆಯ ಕಣಿವೆಯಲ್ಲಿ ಸುಟ್ಟು ಹೋದರು. ಕರಾವಳಿ ಮತ್ತು ಕಾಸರಗೋಡಿನ ಮನೆಗಳಲ್ಲಿ ಆ ದಿನ ಇನ್ನೂ ಹಸಿಯಾಗಿದೆ. ಕ್ಯಾಪ್ಟನ್ ನಿದ್ದೆ ಮಾಡಿದ್ದರು ಎಂಬುದಷ್ಟೇ ಹೆಚ್ಚಿನವರಿಗೆ ನೆನಪಿದೆ. ನಿಜ, ಧ್ವನಿಮುದ್ರಿಕೆಯಲ್ಲಿ ಗೊರಕೆ ಕೇಳುತ್ತದೆ. ಆದರೆ ವಿಚಾರಣಾ ವರದಿಯನ್ನು ಓದಿದವರಿಗೆ ಅದಕ್ಕಿಂತ ಕಹಿಯಾದ ಒಂದೆರಡು ಸಂಗತಿ ಸಿಗುತ್ತವೆ.

ಮಂಗಳೂರಿನ ರೇಡಾರ್ ಮೇ 20ರಿಂದ ಕೆಟ್ಟಿತ್ತು. ಅದಿಲ್ಲದ ಕಾರಣ ನಿಯಂತ್ರಕರು ವಿಮಾನವನ್ನು ಅದು ಕೇಳಿದ ಹೊತ್ತಿಗೆ ಕೆಳಗೆ ಬರಲು ಬಿಡಲಿಲ್ಲ, ತಡವಾಗಿ ಬಿಟ್ಟರು. ಹೀಗೆ ವಿಮಾನ ಇರಬೇಕಾದದ್ದಕ್ಕಿಂತ ತೀರ ಎತ್ತರದಲ್ಲಿ ಉಳಿಯಿತು. ರನ್‌ವೇ ಹತ್ತಿರ ಬಂದಾಗ, ಸರಿಯಾದ ಇಳಿಜಾರಿನಲ್ಲಿ ಇದ್ದೀರಾ ಎಂದು ಗೋಪುರದವರು ಕೇಳಿದರು. ಇರಲಿಲ್ಲ. ಹೌದು ಎಂದು ಹೇಳುವಂತೆ ಕ್ಯಾಪ್ಟನ್ ಸಹ ಪೈಲಟ್‌ನನ್ನು ಒತ್ತಾಯಿಸಿದರು, ಅವರು ಹಾಗೇ ಹೇಳಿದರು. ಗೋಪುರ ಆ ಮಾತನ್ನು ನಂಬಿ ಇಳಿಯಲು ಅನುಮತಿ ಕೊಟ್ಟಿತು, ಗಾಳಿ ಶಾಂತವಾಗಿದೆ ಎಂದಿತು. ಇಲ್ಲಿ ಯಾರೂ ಯಾರನ್ನೂ ತಪ್ಪು ಕೇಳಿಸಿಕೊಳ್ಳಲಿಲ್ಲ. ಹೇಳಿದ್ದು ನಿಜವಾಗಿರಲಿಲ್ಲ, ಅಷ್ಟೆ.

ಮತ್ತೆ ಮೇಲಕ್ಕೆ ಏರೋಣ, ಗೋ ಅರೌಂಡ್ ಎಂದು ಆ ಸಹ ಪೈಲಟ್ ಮೂರು ಸಲ ಹೇಳಿದ್ದರು. ಕ್ಯಾಪ್ಟನ್ ಕೇಳದಿದ್ದರೆ ತಾವೇ ನಿಯಂತ್ರಣ ತೆಗೆದುಕೊಳ್ಳಲು ನಿಯಮ ಅವಕಾಶ ಕೊಟ್ಟಿತ್ತು. ತೆಗೆದುಕೊಳ್ಳಲಿಲ್ಲ. 8,033 ಅಡಿ ಉದ್ದದ ಪಟ್ಟಿಯಲ್ಲಿ 5,200 ಅಡಿ ಕಳೆದ ಮೇಲೆ ಚಕ್ರ ನೆಲಕ್ಕೆ ತಾಗಿತು. ಉಳಿದ ಜಾಗ ಸಾಲದು, ರನ್‌ವೇ ಉಳಿದಿಲ್ಲ ಎಂಬ ಅರ್ಥದ ಮಾತು ಸಹ ಪೈಲಟ್‌ನ ಬಾಯಿಂದ ಬಂತು. ಕೊನೆಯ ತನಕ ಅವರು ಹೇಳುತ್ತಲೇ ಇದ್ದರು, ಮಾಡಲಿಲ್ಲ. ದೊಡ್ಡವರ ಕೈಯಿಂದ ಸ್ಟಿಯರಿಂಗ್ ಕಸಿದುಕೊಳ್ಳುವುದನ್ನು ನಮ್ಮ ಮನೆ, ಶಾಲೆ, ಆಫೀಸುಗಳಲ್ಲಿ ಎಲ್ಲೂ ಕಲಿಸುವುದಿಲ್ಲ. ಒಂದು ಸೆಕೆಂಡಿನಲ್ಲಿ ಅದನ್ನು ಮಾಡು ಎಂದರೆ ಕೈ ಎಲ್ಲಿಂದ ಬರಬೇಕು?

ಅಥಣಿ, ಚಿಕ್ಕೋಡಿ ಕಡೆಯ ಹುಡುಗ ಹುಡುಗಿಯರು ಈಗ ಪೈಲಟ್ ತರಬೇತಿಗೆ, ಎಟಿಸಿ ಪರೀಕ್ಷೆಗೆ ಕೂರುವ ಮಾತಾಡುತ್ತಾರೆ. ಸಾಂಬ್ರಾದಲ್ಲೇ ತರಬೇತಿ ವಿಮಾನಗಳು ಹಾರುವುದನ್ನು ನೋಡುತ್ತಾರೆ. ಕನ್ನಡ ಮಾಧ್ಯಮದಲ್ಲಿ, ಮರಾಠಿ ಮಾಧ್ಯಮದಲ್ಲಿ ಓದಿದವರಿಗೆ ಮೊದಲ ಅಂಜಿಕೆ ಇಂಗ್ಲಿಷಿನದ್ದು. ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಘಟನೆ ಭಾಷೆಗೆ ಆರು ಮಟ್ಟಗಳನ್ನು ಇಟ್ಟು ಕನಿಷ್ಠ ನಾಲ್ಕನೆಯದು ಬೇಕು ಎನ್ನುತ್ತದೆ. ಅದೇನೂ ಏರಲಾಗದ ಗುಡ್ಡವಲ್ಲ, ಉಚ್ಚಾರದಲ್ಲಿ ತಾಯ್ನುಡಿಯ ಛಾಯೆ ಇದ್ದರೂ ನಡೆಯುತ್ತದೆ, ಅರ್ಥವಾದರೆ ಸರಿ. ರೇಡಿಯೊದಲ್ಲಿ ಕೆಡಿಸುವವರು ಬಹಳ ಸಲ ಇಂಗ್ಲಿಷ್ ಚೆನ್ನಾಗಿ ಬರುವವರೇ. ಗೊತ್ತುಮಾಡಿದ ಪದ ಬಿಟ್ಟು ಹರಟೆಯ ಧಾಟಿಗೆ ಇಳಿಯುತ್ತಾರೆ, ಅರ್ಧ ನುಂಗುತ್ತಾರೆ. 1990ರ ಜನವರಿ 25ರಂದು ನ್ಯೂಯಾರ್ಕ್ ಹತ್ತಿರ ಇಂಧನ ಖಾಲಿಯಾಗಿ ಬಿದ್ದ ಕೊಲಂಬಿಯಾದ ಆವಿಯಾಂಕಾ ವಿಮಾನದ ಪೈಲಟ್ ‘ಆದ್ಯತೆ ಕೊಡಿ’ ಎಂದಿದ್ದ, ‘ಇಂಧನ ಮುಗಿಯುತ್ತಿದೆ’ ಎಂದಿದ್ದ, ‘ತುರ್ತು’ ಎಂಬ ಗೊತ್ತುಮಾಡಿದ ಪದವನ್ನು ಮಾತ್ರ ಬಳಸಲಿಲ್ಲ. ನಿಯಂತ್ರಕರು ಸಾಲಿನಲ್ಲೇ ಇಟ್ಟರು. 73 ಜನ ಸತ್ತರು. ಆ ಪೈಲಟ್‌ಗೆ ಬೇಕಿದ್ದದ್ದು ಸೊಗಸಾದ ಇಂಗ್ಲಿಷ್ ಅಲ್ಲ, ಒಂದು ಪದ ಮತ್ತು ಅದನ್ನು ಗಟ್ಟಿಯಾಗಿ ಹೇಳುವ ಧೈರ್ಯ. ಈ ಕೆಲಸಕ್ಕೆ ಹೋಗುವ ಮಕ್ಕಳು ‘ಸೇ ಅಗೇನ್’, ಇನ್ನೊಮ್ಮೆ ಹೇಳಿ, ಎನ್ನಲು ನಾಚಬಾರದು. ಮನೆಯಲ್ಲಿ ಅವರು ಎದುರು ಪ್ರಶ್ನೆ ಕೇಳಿದಾಗ ‘ದೊಡ್ಡವರಿಗೆ ಎದುರಾಡಬ್ಯಾಡ’ ಎಂದು ಗದರುವ ಹಿರಿಯರೂ ಇದನ್ನು ಸ್ವಲ್ಪ ಯೋಚಿಸಲಿ.

ಇನ್ನು ಟಿಕೆಟ್ ತೆಗೆದು ಹಿಂದೆ ಕೂರುವ ನಮ್ಮದು. ಸಾಂಬ್ರಾದಲ್ಲೋ ಕೊಲ್ಹಾಪುರದಲ್ಲೋ ನೆಲ ಕಾಣುವಷ್ಟು ಕೆಳಗೆ ಬಂದ ವಿಮಾನ ಒಮ್ಮೆಲೇ ಗುಡುಗಿ ಮೇಲಕ್ಕೆ ಏರಿದರೆ ಒಳಗೆ ಗದ್ದಲ ಏಳುತ್ತದೆ. ಪೈಲಟ್‌ಗೆ ಇಳಿಸಲು ಬರಲಿಲ್ಲ ಎನ್ನುತ್ತಾರೆ, ಮದುವೆಗೆ ತಡವಾಯಿತು ಎಂದು ಗಗನಸಖಿಯ ಮೇಲೆ ಕೂಗುತ್ತಾರೆ, ಇಳಿದ ಮೇಲೆ ವಿಡಿಯೊ ಹಾಕುತ್ತಾರೆ. ಅಂಕಿ ತಾಳೆಯಾಗಲಿಲ್ಲ, ಮಾತು ಸ್ಪಷ್ಟವಾಗಲಿಲ್ಲ, ಇಬ್ಬರಲ್ಲಿ ಒಬ್ಬರಿಗೆ ಅನುಮಾನ ಬಂತು ಎಂದಾಗ ಮಾಡಬೇಕಾದದ್ದೇ ಅದು. ಮಂಗಳೂರಿನಲ್ಲಿ ಆಗದೆ ಹೋದದ್ದೂ ಅದೇ. ಮುಂದಿನ ಸಲ ನಿಮ್ಮ ವಿಮಾನ ಹಾಗೆ ಮೇಲೆ ಏರಿದರೆ ದಯವಿಟ್ಟು ಬೈಯಬೇಡಿ. ಸೀಟ್‌ಬೆಲ್ಟ್ ಬಿಚ್ಚದೆ ಇನ್ನೊಂದು ಸುತ್ತು ಕೂತಿರಿ.